ಎರಡು ಕುದುರೆ, ಒಂದು ಫೋಟೋಶೂಟ್, ಇನ್ನು 12 ದಿನ. ತಯಾರಿ ಹೇಗೆ?

ಬೆಳ್ಳಿಬಾಲ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನಿಮ್ಮ ಮಾತು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನನಗೇ ಸಹಾಯ ಬೇಕಾಗಿದೆ.

ನನ್ನ ಹತ್ತಿರ ಎರಡು ಕುದುರೆ ಇವೆ. ಒಂದು 24 ವರ್ಷದ ಹೆಣ್ಣು. ನಾನು ತಂದಾಗ ಮಳೆಮೋಡದ ಬಣ್ಣಕ್ಕಿದ್ದಳು, ಈಗ ಪೂರ್ತಿ ಬಿಳಿ. ಮನೆಯಲ್ಲಿ ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತೇವೆ. ಇನ್ನೊಂದು 6 ವರ್ಷದ ಕಪ್ಪು ಹುಡುಗ. ಅವನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಬಾಯಿಯೂ ಅಷ್ಟೇ. ಅಜ್ಜಿ ಗಟ್ಟಿಯಾಗಿರುವಾಗಲೇ ನಾವು ಮೂವರೂ ಇರುವ ಒಂದು ಒಳ್ಳೆಯ ಫೋಟೋ ಬೇಕು ಅನ್ನಿಸಿದೆ. ಅವಳ ಫೋಟೋ ನನ್ನ ಫೋನಿನಲ್ಲಿ ಸಾವಿರ ಇರಬಹುದು. ನಾನು ಜೊತೆಗಿರುವುದು ನಾಲ್ಕೋ ಐದೋ. ತೆಗೆದವಳು ನಾನೇ ಅಲ್ವಾ!

ಫೋಟೋಗ್ರಾಫರ್ ಸಿಕ್ಕಿದ್ದಾರೆ. ಮದುವೆ ಫೋಟೋ ಬಹಳ ಚೆನ್ನಾಗಿ ತೆಗೆಯುತ್ತಾರೆ, ಆದರೆ ಕುದುರೆ ಹತ್ತಿರ ಹೋದವರಲ್ಲ. ಶಾಂಪೂ, ಹೊಳಪಿನ ಸ್ಪ್ರೇ, ಗೊರಸಿಗೆ ಎಣ್ಣೆ, ಕೆಂಪು ನೈಲಾನ್ ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಎರಡು, ನನಗೊಂದು ಉದ್ದನೆಯ ಗೌನ್, ಇಷ್ಟು ತಂದಿಟ್ಟಿದ್ದೇನೆ. ಇನ್ನೇನು ಬೇಕು? ಸ್ನಾನ ಯಾವಾಗ ಮಾಡಿಸಲಿ?

ಲಗಾಮು ಸಡಿಲ:
ಪಟ್ಟಿ ನೋಡಿದೆ. ಎಲ್ಲ ಅಂಗಡಿಯಲ್ಲಿ ಸಿಗುವ ಸಾಮಾನೇ. ಕುದುರೆಗಳಿಗೆ ಏನು ತಯಾರಿ ಮಾಡಿದ್ದೀರಿ?

ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಮೈ ಹೊಳೆಸುವುದು ಒಂದು ದಿನದ ಕೆಲಸ. ಗೌನು, ಕ್ಯಾಮೆರಾ, ಗುರುತಿಲ್ಲದ ಮನುಷ್ಯ, ಇವಕ್ಕೆ ಕುದುರೆ ಒಗ್ಗಬೇಕು ಅಂದರೆ ಹತ್ತು ದಿನ ಬೇಕು. ನಿಮ್ಮ ಹತ್ತಿರ 12 ದಿನ ಇದೆ, ಇವತ್ತೇ ಶುರು ಮಾಡಿ. ಗೌನನ್ನು ಬೀರುವಿನಲ್ಲಿ ಮಡಚಿಡಬೇಡಿ. ಲಾಯದ ಹತ್ತಿರ ಬೇಲಿಗೆ ನೇತುಹಾಕಿ, ಗಾಳಿಗೆ ಪಟಪಟ ಅನ್ನಲಿ. ಮೊದಲ ದಿನ ದೂರದಲ್ಲಿ, ಆಮೇಲೆ ದಿನಕ್ಕಿಷ್ಟು ಹತ್ತಿರ. ಹುಡುಗ ಬಂದು ಮೂಸಿ ನೋಡಿ ಬೇಸರದಿಂದ ತಿರುಗಿ ಹೋದ ಅಂದರೆ ಆಯಿತು.

ಇನ್ನೊಂದು. ಯಾವ ಫೋಟೋ ಬೇಕು ಅಂತ ಈಗಲೇ ನಿಶ್ಚಯ ಮಾಡಿ. ಮೂರು ಸಾಕು. ಕುದುರೆ ಮನಸ್ಸಿಟ್ಟು ನಿಲ್ಲುವುದು ಅರ್ಧ ಗಂಟೆ, ಬಹಳ ಆದರೆ ಮುಕ್ಕಾಲು. ಇಪ್ಪತ್ತು ಪೋಸಿನ ಪಟ್ಟಿ ಹಿಡಿದು ಹೋದರೆ ಕೊನೆಯ ಹದಿನೈದರಲ್ಲಿ ಕಿವಿ ಹಿಂದಕ್ಕೆ ಮಡಚಿದ ಕುದುರೆ, ಸುಸ್ತಾದ ನೀವು.

ಕ್ಯಾಮೆರಾ ಚೀಲ:
ನಾನು ಕುದುರೆ ಸಾಕಿದವನಲ್ಲ, ತೆಗೆಯುವವನು. ನಿಮ್ಮ ಫೋಟೋಗ್ರಾಫರಿಗೆ ಇದನ್ನು ಓದಿ ಹೇಳಿ.

ಬಿಳಿ ಕುದುರೆ, ಕಪ್ಪು ಕುದುರೆ ಒಂದೇ ಚೌಕಟ್ಟಿನಲ್ಲಿ! ಇದಕ್ಕಿಂತ ಕಷ್ಟದ ಜೋಡಿ ಇಲ್ಲ. ಕ್ಯಾಮೆರಾದ ಮೀಟರು ಎಲ್ಲವನ್ನೂ ನಡುಮಧ್ಯದ ಬೂದು ಅಂದುಕೊಳ್ಳುತ್ತದೆ. ಅಜ್ಜಿ ಒಬ್ಬಳೇ ಇದ್ದರೆ ಮಂಕು ಬೂದಿಯಾಗುತ್ತಾಳೆ, ಅಲ್ಲಿ ಎಕ್ಸ್‌ಪೋಶರ್ ಸ್ವಲ್ಪ ಏರಿಸಬೇಕು. ಹುಡುಗ ಒಬ್ಬನೇ ಇದ್ದರೆ ತೊಳೆದು ಬಣ್ಣ ಬಿಟ್ಟ ಬಟ್ಟೆ ಥರ ಕಾಣುತ್ತಾನೆ, ಅಲ್ಲಿ ಇಳಿಸಬೇಕು. ಇಬ್ಬರೂ ಇದ್ದಾಗ ಬಿಳಿಯನ್ನು ಕಾಪಾಡಿ. ಸುಟ್ಟುಹೋದ ಬಿಳಿಯಲ್ಲಿ ಆಮೇಲೆ ಏನೂ ಸಿಗುವುದಿಲ್ಲ, ಕಪ್ಪಿನೊಳಗಿಂದ ಸ್ವಲ್ಪ ಎಳೆದು ತೆಗೆಯಬಹುದು. ರಾ ಫೈಲಿನಲ್ಲೇ ತೆಗೆಯಿರಿ, ಕ್ಯಾಮೆರಾ ಕಂಡದ್ದನ್ನು ಕಡಿತವಿಲ್ಲದೆ ಇಡುವ ಫೈಲು ಅದು.

ಬೆಳಕು ಮೆತ್ತಗಿದ್ದರೆ ಅರ್ಧ ಕೆಲಸ ಮುಗಿಯಿತು. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ. ಮೋಡ ಕವಿದರೆ ರದ್ದು ಮಾಡಬೇಡಿ, ನಿಮ್ಮ ಜೋಡಿಗೆ ಅದೇ ವಾಸಿ. ನಡುಹಗಲು ಮಾತ್ರ ಬೇಡ. ಕಣ್ಣುಗುಳಿಯಲ್ಲಿ ನೆರಳು ಕೂತು ಕುದುರೆ ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ.

ಲೆನ್ಸ್ ವಿಷಯ. ಮದುವೆಯವರು ವೈಡ್ ಲೆನ್ಸ್ ಹಿಡಿದು ಹತ್ತಿರ ಬರುತ್ತಾರೆ. ಕುದುರೆಗೆ ಹಾಗೆ ಮಾಡಿದರೆ ಮೂತಿ ಸೋರೆಕಾಯಿ, ಮೈ ಹುಣಸೆಬೀಜ. 70-200 ಎಂಎಂ ಜೂಮ್ ಲೆನ್ಸ್ ಹಾಕಿ ಹಿಂದಕ್ಕೆ ಹೋಗಲಿ. ಕ್ಯಾಮೆರಾ ಕುದುರೆಯ ಎದೆಯ ಮಟ್ಟಕ್ಕಿರಲಿ. ಮೇಲಿನಿಂದ ತೆಗೆದರೆ ಕಾಲು ಗಿಡ್ಡ.

ಮತ್ತೆ, ಅಪರ್ಚರ್ (ಲೆನ್ಸಿನ ಕಿಂಡಿ) 2.8 ಇಟ್ಟು ಎದುರಿನಿಂದ ಕಣ್ಣಿಗೆ ಫೋಕಸ್ ಮಾಡಿದರೆ ಮೂಗು ಮಸುಕಾಗುತ್ತದೆ. ಮನುಷ್ಯರ ಮುಖ ಅಲ್ಲವಲ್ಲ ಅದು, ಕಣ್ಣಿನಿಂದ ಮೂಗಿಗೆ ಒಂದು ಮೊಳದ ದಾರಿ! ಒಬ್ಬರಿದ್ದರೆ 4, ಮೂವರೂ ಇದ್ದರೆ 5.6 ಅಥವಾ 8.

ಲಾಯದಕ್ಕ:
ಸ್ನಾನದ ಬಗ್ಗೆ ನಾನು ಹೇಳುತ್ತೇನೆ.

ಕಪ್ಪು ಹುಡುಗನಿಗೆ ಎರಡು ದಿನ ಮುಂಚೆ. ಶಾಂಪೂ ಹಾಕಿದರೆ ಮೈಯ ಎಣ್ಣೆಯೂ ಹೋಗುತ್ತದೆ, ಅದು ಮತ್ತೆ ಬರಲು ಸಮಯ ಬೇಕು. ಅಜ್ಜಿಗೆ ಹಿಂದಿನ ದಿನ ಮಧ್ಯಾಹ್ನ. ಇನ್ನೂ ಮುಂಚೆ ಮಾಡಿಸಿದರೆ ಬಿಳಿ ಕುದುರೆ ಏನು ಮಾಡುತ್ತದೆ ಗೊತ್ತಲ್ಲ? ಇಡೀ ಲಾಯದಲ್ಲಿ ಹುಡುಕಿ ಲದ್ದಿಯ ಮೇಲೇ ಮಲಗುತ್ತದೆ. ಮಂಡಿ, ಹಿಂಗಾಲಿನ ಕೀಲು, ಪಕ್ಕೆ, ಈ ಮೂರು ಕಡೆ ಹಳದಿ ಕಲೆ ಗ್ಯಾರಂಟಿ. ಒಣಗಿಸಿ ತೆಳು ಹತ್ತಿ ಶೀಟ್ ಹೊದಿಸಿ, ಬಾಲ ಹೆಣೆದು ಚೀಲದಲ್ಲಿ ಕಟ್ಟಿ, ಹೊಸ ಹುಲ್ಲು ಹಾಸಿ. ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದುಕೊಂಡೇ ಹೋಗಿ.

ಶಾಂಪೂಗಿಂತ ಮಾಲೀಸು ದೊಡ್ಡದು. ಇವತ್ತಿನಿಂದ ದಿನಾ ಹದಿನೈದು ನಿಮಿಷ ರಬ್ಬರ್ ಬ್ರಶ್ಶಿನಿಂದ ಸುತ್ತ ಸುತ್ತ ತಿಕ್ಕಿ, ಆಮೇಲೆ ಮೆತ್ತನೆ ಬ್ರಶ್. ಆ ಹೊಳಪು ಯಾವ ಬಾಟಲಿಯಲ್ಲೂ ಬರುವುದಿಲ್ಲ. ಸ್ಪ್ರೇ ಹೊಡೆದರೆ ಬೆನ್ನಿಗೆ ಮಾತ್ರ ಬೇಡ. ಜೀನು ಹಾಕುವ ಜಾಗ ಜಾರುತ್ತದೆ. ಬರೀ ಬೆನ್ನಿನ ಮೇಲೆ ಗೌನ್ ಹಾಕಿ ಕೂರುವ ಆಲೋಚನೆ ಇದ್ದರಂತೂ ದೇವರೇ ಗತಿ.

ಹುಡುಗನ ಕಪ್ಪು ಬಿಸಿಲಿಗೆ ಕೆಂಪಗಾಗಿದೆಯಾ? 12 ದಿನದಲ್ಲಿ ಅದು ಸರಿಹೋಗುವುದಿಲ್ಲ. ಆದರೂ ಹಗಲು ನೆರಳಿನಲ್ಲಿ ಕಟ್ಟಿ, ಬೆವರು ಒಣಗಲು ಬಿಡಬೇಡಿ.

ಗೊರಸಿನ ಎಣ್ಣೆ ಕೊಟ್ಟಕೊನೆಗೆ, ನಿಲ್ಲುವ ಜಾಗಕ್ಕೆ ಬಂದ ಮೇಲೆ. ಲಾಯದಲ್ಲೇ ಹಚ್ಚಿ ಮಣ್ಣಿನಲ್ಲಿ ನಡೆಸಿದರೆ ವಡೆ ಹಿಟ್ಟಿನಲ್ಲಿ ಅದ್ದಿದ ಹಾಗೆ. ಲಾಳ ಬಡಿಸುವುದಿದ್ದರೆ ಒಂದು ವಾರ ಮುಂಚೆಯೇ ಬಡಿಸಿ.

ಮೂತಿಯ ಮೀಸೆ, ಕಿವಿಯೊಳಗಿನ ಕೂದಲು ಎಲ್ಲ ನೀಟಾಗಿ ತೆಗೆದರೆ ಮುಖ ಚೆನ್ನಾಗಿ ಕಾಣುತ್ತದೆ.

ಗೊರಸಿನ ಸದ್ದು:
ಅಕ್ಕ, ಉಳಿದದ್ದೆಲ್ಲ ಒಪ್ಪಿದೆ. ಕೊನೆಯ ಸಾಲು ಮಾತ್ರ ಬೇಡ.

ಮೂತಿಯ ಮೀಸೆ ಅಲಂಕಾರಕ್ಕೆ ಬೆಳೆದದ್ದಲ್ಲ. ಕುದುರೆಗೆ ತನ್ನ ಮೂತಿಯ ಕೆಳಗೇನಿದೆ ಅಂತ ಕಾಣುವುದಿಲ್ಲ, ಆ ಕೂದಲಿನಿಂದಲೇ ಮುಟ್ಟಿ ತಿಳಿಯುತ್ತದೆ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವೇ 2021ರ ಜುಲೈ 1ರಿಂದ ಮೀಸೆ ಕತ್ತರಿಸಿದ ಕುದುರೆಗಳನ್ನು ತನ್ನ ಸ್ಪರ್ಧೆಗೆ ಇಳಿಸುವಂತಿಲ್ಲ ಅಂದಿದೆ. ಕಿವಿಯೊಳಗಿನ ಕೂದಲು ನೊಣ, ಧೂಳು ತಡೆಯುತ್ತದೆ. ಒಂದು ಫೋಟೋಗಾಗಿ ಯಾಕೆ?

ಲಾಯದಕ್ಕ:
ನಾವು ಕಲಿತ ಕಾಲದಲ್ಲಿ ಎಲ್ಲರೂ ತೆಗೆಯುತ್ತಿದ್ದರಪ್ಪ. ಸರಿ, ನಿನ್ನ ಮಾತೇ ಇರಲಿ. ಕಿವಿಯ ಅಂಚಿನಿಂದ ಹೊರಗೆ ಬಂದಿರುವುದನ್ನಾದರೂ ಸಮ ಮಾಡಬಹುದು ಅಲ್ವಾ?

ಗೊರಸಿನ ಸದ್ದು:
ಕಿವಿ ಮುಚ್ಚಿ ಹಿಡಿದು ಅಂಚಿನಲ್ಲಿ ಎರಡು ಕತ್ತರಿ, ಅಷ್ಟು ಸರಿ.

ಬೆಳ್ಳಿಬಾಲ:
ಮೀಸೆ ಮುಟ್ಟುವುದಿಲ್ಲ. ಅಜ್ಜಿಯ ಮೀಸೆಯೇ ನನಗಿಷ್ಟ.

ಕೆಂಪು ಹಾಲ್ಟರ್ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ? ಗೌನ್ ಕೂಡ ಕೆಂಪು. ಕೆಂಪು ಬಣ್ಣಕ್ಕೆ ಕುದುರೆ ಹೆದರುತ್ತದೆ ಅಂತ ಯಾರೋ ಹೆದರಿಸಿದರು.

ಗೊರಸಿನ ಸದ್ದು:
ಕುದುರೆ ಕಣ್ಣಿಗೆ ಕೆಂಪು, ಹಸಿರು ಬೇರೆ ಬೇರೆ ಕಾಣುವುದೇ ಇಲ್ಲ. ನೀಲಿ, ಹಳದಿ ಗೊತ್ತಾಗುತ್ತದೆ. ಹಾಗಾಗಿ ಬಣ್ಣದ ಭಯ ಬಿಡಿ. ಬಟ್ಟೆ ಅಲ್ಲಾಡುವುದು, ಸರಸರ ಸದ್ದು ಮಾಡುವುದು, ಅದಕ್ಕೆ ಹೆದರುತ್ತವೆ.

ಇನ್ನೊಂದು ತಿಳಿದಿರಲಿ. ಅವುಗಳ ಕಣ್ಣು ಪಕ್ಕದಲ್ಲಿರುವುದರಿಂದ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ, ಈ ಎರಡೇ ಕುರುಡು ಜಾಗ. ಹೊಸ ಫೋಟೋಗ್ರಾಫರುಗಳು ಹೋಗಿ ನಿಲ್ಲುವುದು ಸರಿಯಾಗಿ ಅವೆರಡರಲ್ಲೇ! ಬರುವಾಗ ಭುಜದ ಕಡೆಯಿಂದ, ಮಾತಾಡುತ್ತಾ ಬರಲಿ. ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂರುವುದಂತೂ ಬೇಡವೇ ಬೇಡ.

ಏನೇ ರೂಢಿ ಮಾಡಿಸಿದರೂ ಎಡಗಡೆ, ಬಲಗಡೆ ಎರಡೂ ಕಡೆ ತೋರಿಸಿ. ಎಡಗಡೆ ನೋಡಿ ಸುಮ್ಮನಿದ್ದ ವಸ್ತುವಿಗೇ ಬಲಗಡೆ ಬಂದಾಗ ಹಾರುತ್ತವೆ.

ಕ್ಯಾಮೆರಾ ಚೀಲ:
ಕುದುರೆಗೆ ಕೆಂಪು ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. ಕೆಂಪು ನೈಲಾನ್ ಹಾಲ್ಟರ್ ಬಿಳಿ ಕೆನ್ನೆಯ ಮೇಲೆ ಗುಲಾಬಿ ಛಾಯೆ ಬೀಳಿಸುತ್ತದೆ. ನೋಡುವವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಸಾದಾ ಕಂದು ಚರ್ಮದ ಹಾಲ್ಟರ್ ಇದ್ದರೆ ಅದು, ಇಲ್ಲದಿದ್ದರೆ ತೆಳು ಹಗ್ಗದ್ದು. ತೆಳುವಾಗಿದ್ದರೆ ಆಮೇಲೆ ಎಡಿಟಿಂಗ್‌ನಲ್ಲಿ ಅಳಿಸುವುದು ಸುಲಭ. ಗೌನ್ ಕೆಂಪೇ ಇರಲಿ, ಬಿಳಿ ಮತ್ತು ಕಪ್ಪಿನ ನಡುವೆ ಎದ್ದು ಕಾಣುತ್ತದೆ. ಅಜ್ಜಿಗೆ ತೀರಾ ಒತ್ತಿಕೊಂಡು ನಿಲ್ಲಬೇಡಿ, ಅಷ್ಟೇ. ಸಣ್ಣ ಗೆರೆಗೆರೆ ಬಟ್ಟೆ, ದೊಡ್ಡ ಅಕ್ಷರ ಬರೆದ ಬಟ್ಟೆ ಯಾರೂ ಹಾಕುವುದು ಬೇಡ.

ಮೊಂಡುಬಾಲ:
ಎಲ್ಲರೂ ಚಂದದ ಮಾತಾಡುತ್ತಿದ್ದೀರಿ. ನನ್ನ ಕಥೆ ಕೇಳಿ.

ಫೋಟೋಗ್ರಾಫರ್ ಬಂದರು, ಒಳ್ಳೆಯವರು. ಬೆಳಕು ಕಡಿಮೆ ಅಂತ ಚೀಲದಿಂದ ಮಡಚುವ ರಿಫ್ಲೆಕ್ಟರ್ ತೆಗೆದರು. ಅದು ಬಿಚ್ಚಿಕೊಳ್ಳುವಾಗ 'ಫಟ್' ಅನ್ನುತ್ತದಲ್ಲ? ಅಷ್ಟೇ. ನನ್ನ ಕುದುರೆ ಗಾಳಿಯಲ್ಲಿತ್ತು. ನಾನು ಕೈ ಖಾಲಿ ಇರಲಿ ಅಂತ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಫೋಟೋದಲ್ಲಿ ಕೈ ಆರಾಮಾಗಿ ಕಾಣಲಿ ಅಂತ. ಇಪ್ಪತ್ತು ಹೆಜ್ಜೆ ಎಳೆದುಕೊಂಡು ಹೋಯಿತು. ಪುಣ್ಯಕ್ಕೆ ಹಗ್ಗ ಜಾರಿತು. ಚರ್ಮ ಹೋಯಿತು, ಮಣಿಕಟ್ಟು ಉಳಿಯಿತು. ತಪ್ಪು ಅವರದ್ದಲ್ಲ, ಹೇಳದೇ ಇದ್ದ ನನ್ನದು.

ಹಗ್ಗ ಯಾವತ್ತೂ ಕೈಗೆ ಸುತ್ತಬೇಡಿ. ಉಳಿದದ್ದನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ. ರಿಫ್ಲೆಕ್ಟರ್, ಕೊಡೆ, ಟ್ರೈಪಾಡ್, ಏನೇನು ತರುತ್ತಾರೆ ಅಂತ ಫೋನಿನಲ್ಲೇ ಕೇಳಿ. ದೂರದಲ್ಲೇ ಬಿಚ್ಚಿಕೊಂಡು ಬರಲಿ. ಡ್ರೋನ್ ಅಂದರೆ ಬಾಗಿಲಲ್ಲೇ ಬೇಡ ಅನ್ನಿ. ಬರಿಗಾಲಿನ ಫೋಟೋ ಚೆನ್ನಾಗಿರುತ್ತದೆ ಅಂತಾರೆ. 500 ಕಿಲೋ ತೂಕದ ಪ್ರಾಣಿ ಪಕ್ಕದಲ್ಲಿದೆ ಅನ್ನುವುದು ಅವರಿಗೆ ನೆನಪಿರುವುದಿಲ್ಲ. ಗೌನ್ ಒಳಗೆ ಬೂಟ್ ಹಾಕಿ, ಯಾರಿಗೆ ಕಾಣುತ್ತದೆ?

ಲಗಾಮು ಸಡಿಲ:
ಮೊಂಡುಬಾಲ ಅವರ ಮಾತಿಗೆ ನೂರಕ್ಕೆ ನೂರು. ಜೊತೆಗೆ, ಕುದುರೆ ಬಲ್ಲ ಮೂರನೆಯವರೊಬ್ಬರು ಇರಲೇಬೇಕು. ನೀವು ಫೋಟೋದಲ್ಲಿ ನಗುತ್ತಿರುವಾಗ ಹುಡುಗನ ಮೂಡ್ ನೋಡುವವರು ಯಾರು? ಎರಡು ಕುದುರೆ ಅಂದ ಮೇಲೆ ಅವುಗಳ ನಡುವೆಯೂ ದೊಡ್ಡವರು ಚಿಕ್ಕವರು ಅಂತ ಇರುತ್ತದೆ. ಅಜ್ಜಿಯ ಮೂತಿಯ ಹತ್ತಿರ ಹುಡುಗ ಮೂತಿ ತಂದರೆ ಅವಳು ಸುಮ್ಮನಿರುತ್ತಾಳಾ?

ಬೆಳ್ಳಿಬಾಲ:
ಎಲ್ಲಿ ಸುಮ್ಮನಿರುತ್ತಾಳೆ! ಕಿವಿ ಮಡಚಿ ಒಂದು ಸಲ ನೋಡುತ್ತಾಳೆ, ಇವನು ನಾಲ್ಕು ಹೆಜ್ಜೆ ಹಿಂದೆ.

ಲಗಾಮು ಸಡಿಲ:
ಹಾಗಾದರೆ ನೀವು ನಡುವೆ. ಅಜ್ಜಿ ಅರ್ಧ ಹೆಜ್ಜೆ ಮುಂದೆ, ಹುಡುಗ ಸ್ವಲ್ಪ ಹಿಂದೆ. ಅವಳಿಗೂ ಸಮಾಧಾನ, ನೋಡಲೂ ಚೆಂದ. ಅಜ್ಜಿಯ ಫೋಟೋ ಮೊದಲು ತೆಗೆಯಿರಿ, ಜಾಸ್ತಿ ಹೊತ್ತು ನಿಲ್ಲಿಸಬೇಡಿ. ಒಬ್ಬರನ್ನೇ ತೆಗೆಯುವಾಗ ಇನ್ನೊಬ್ಬರು ಕಣ್ಣಿಗೆ ಬೀಳುವಷ್ಟು ಹತ್ತಿರವಿರಲಿ, ಇಲ್ಲದಿದ್ದರೆ ಕೆನೆದು ಕೆನೆದು ಕುಣಿಯುತ್ತವೆ.

ಹೊಟ್ಟೆ ತುಂಬ ಒಣಹುಲ್ಲು ತಿನ್ನಿಸಿಯೇ ಕರೆತನ್ನಿ. ಹಸಿದ ಕುದುರೆ ನೆಲ ಬಿಟ್ಟು ತಲೆ ಎತ್ತುವುದಿಲ್ಲ. ಹುಡುಗನನ್ನು ಮೊದಲು ಹತ್ತು ಹದಿನೈದು ನಿಮಿಷ ಓಡಾಡಿಸಿ, ಬೆವರುವಷ್ಟು ಬೇಡ.

ಎರಡು ಕಿವಿ:
ಇಷ್ಟು ಹೊತ್ತಾಯಿತು, ಕಿವಿ ಬಗ್ಗೆ ಯಾರೂ ಮಾತಾಡಿಲ್ಲ. ಹೆಸರಿಗೆ ತಕ್ಕ ಹಾಗೆ ನಾನೇ ಹೇಳಬೇಕು.

ಕಿವಿ ಮುಂದಕ್ಕೆ ನಿಂತಿಲ್ಲ ಅಂದರೆ ಬೆಳಕು, ಲೆನ್ಸ್, ಗೌನ್ ಎಲ್ಲ ವ್ಯರ್ಥ. ಅದಕ್ಕೆ ಒಬ್ಬರು ಬೇಕು, ಫೋಟೋಗ್ರಾಫರ್ ಹಿಂದೆ ನಿಲ್ಲಲು. ಕುದುರೆ ಎತ್ತ ನೋಡಬೇಕೋ ಅತ್ತ ಅವರು ನಿಲ್ಲಬೇಕು. ಸದ್ದಿನಲ್ಲಿ ಒಂದು ಕ್ರಮ ಇದೆ. ಮೊದಲು ಬರೀ ನಾಲಿಗೆ ಲೊಚಗುಟ್ಟುವುದು. ಅದು ಸವೆದ ಮೇಲೆ ಪ್ಲಾಸ್ಟಿಕ್ ಕವರ್ ಮುದುರುವುದು, ಆಮೇಲೆ ಡಬ್ಬದಲ್ಲಿ ಕಾಳು ಅಲ್ಲಾಡಿಸುವುದು. ಫೋನಿನಲ್ಲಿ ಕುದುರೆ ಕೆನೆಯುವ ಸದ್ದು ಕೊನೆಯ ಅಸ್ತ್ರ. ಯಾವುದೂ ಎರಡು ಮೂರು ಸಲಕ್ಕಿಂತ ಜಾಸ್ತಿ ಕೆಲಸ ಮಾಡುವುದಿಲ್ಲ. ಬಂದ ಕೂಡಲೇ ಎಲ್ಲರೂ ಸೇರಿ ಚಪ್ಪಾಳೆ ಹೊಡೆದು ಡಬ್ಬ ಬಡಿದರೆ ಐದು ನಿಮಿಷದಲ್ಲಿ ಖಜಾನೆ ಖಾಲಿ. ಕ್ಯಾಮೆರಾ ತಯಾರಾದ ಮೇಲೆಯೇ ಸದ್ದು.

ಕ್ಯಾರೆಟ್ ತುಂಡು ಮುಗಿದ ಮೇಲೆ ಕೊಡಿ. ನಡುವೆ ಕೊಟ್ಟರೆ ಬಾಯಿ ತುಂಬ ನೊರೆ, ಆಮೇಲೆ ನಿಮ್ಮ ಗೌನಿನ ಜೇಬು ಹುಡುಕುತ್ತವೆ. ಮೂತಿ, ಕಣ್ಣು ಒರೆಸಲು ಒಂದು ಒದ್ದೆ ಬಟ್ಟೆ ಸಹಾಯಕರ ಸೊಂಟದಲ್ಲೇ ಇರಲಿ.

ಬೆಳ್ಳಿಬಾಲ:
ಆರನೇ ದಿನದ ವರದಿ. ಗೌನ್ ಬೇಲಿಯ ಮೇಲಿದೆ. ಮೊದಲ ದಿನ ಹುಡುಗ ಮೈದಾನದ ಆ ತುದಿಗೆ ಹೋಗಿ ನಿಂತು ಮೂಗಿನಿಂದ ಬುಸ್ ಬುಸ್ ಅಂದ. ಇವತ್ತು ಅದರ ಅಂಚು ಬಾಯಲ್ಲಿಟ್ಟುಕೊಂಡು ಜಗಿಯುತ್ತಿದ್ದ. ಇದನ್ನು ಒಗ್ಗಿದ ಹಾಗೆ ಅಂತ ತಿಳಿಯಲಾ?

ನಮ್ಮ ಚಿಕ್ಕಪ್ಪನ ಮಗ ಸಹಾಯಕ್ಕೆ ಬರುತ್ತಾನೆ. ಅವನಿಗೆ ಹುಡುಗ ಓಡುವ ಫೋಟೋನೂ ಬೇಕಂತೆ.

ಗೊರಸಿನ ಸದ್ದು:
ಗೌನಿಗೆ ಪೂರ್ತಿ ಒಗ್ಗಿದ್ದಾನೆ. ಈಗ ಗೌನನ್ನು ಕಾಪಾಡಿ.

ಕ್ಯಾಮೆರಾ ಚೀಲ:
ಓಡುವುದು ಬೇಲಿ ಇರುವ ಮೈದಾನದಲ್ಲಿ ಮಾತ್ರ. ಶಟರ್ 1/1000 ಸೆಕೆಂಡ್ ಅಥವಾ ಇನ್ನೂ ವೇಗ, ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್, ಒಂದರ ಹಿಂದೆ ಒಂದು ಬರ್ಸ್ಟ್. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಕಷ್ಟ. ಟ್ರಾಟ್‌ನಲ್ಲಿ ಅಂದರೆ ಮಂದ ಓಟದಲ್ಲಿ, ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಚಾಚಿದ ಕ್ಷಣ ಚೆಂದ. ನಾಗಾಲೋಟದಲ್ಲಿ ಅರ್ಧಕ್ಕರ್ಧ ಫೋಟೋದಲ್ಲಿ ಕಾಲು ಗೋಜಲಾಗಿ ಕಾಣುತ್ತದೆ, ಹೆದರಬೇಡಿ.

ಇದೇನು ಇವತ್ತಿನ ಸಮಸ್ಯೆ ಅಲ್ಲ. ಹಿಂದೆ ಚಿತ್ರಕಾರರು ಓಡುವ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲಿಸುತ್ತಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಲ್ಲಿ ಓಟದ ದಾರಿಯ ಪಕ್ಕ ಸಾಲಾಗಿ ಕ್ಯಾಮೆರಾ ಇಟ್ಟು, ಕುದುರೆ ದಾಟುವಾಗ ದಾರಕ್ಕೆ ತಗುಲಿ ತಾನಾಗಿಯೇ ಶಟರ್ ಬೀಳುವ ಹಾಗೆ ಮಾಡಿದ. ನಾಲ್ಕೂ ಗೊರಸು ನೆಲ ಬಿಡುವುದು ನಿಜ. ಆದರೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿ ಒಟ್ಟಾದಾಗ. ಆ ಮಡಚಿದ ಫೋಟೋ ನೋಡಲು ಚೆನ್ನಾಗಿಲ್ಲ ಅಂತ ನಾವು ಇವತ್ತಿಗೂ ಅಳಿಸುತ್ತೇವೆ ನೋಡಿ.

ಲಾಯದಕ್ಕ:
ಹಿಂದಿನ ದಿನ ಜಾಗ ನೋಡಿ ಬನ್ನಿ. ಲದ್ದಿ, ಕೈಗಾಡಿ, ನೀರಿನ ಪೈಪು, ಬಕೆಟ್ಟು ತೆಗೆಸಿ. ಬೇಲಿಯ ಕಂಬ ಕುದುರೆಯ ತಲೆಯಿಂದ ಹುಟ್ಟಿದ ಹಾಗೆ ನಿಲ್ಲಿಸಬೇಡಿ. ಜೂಲು ಯಾವ ಕಡೆ ಬೀಳುತ್ತದೆ ನೋಡಿಕೊಂಡು ಯಾವ ಪಕ್ಕ ಕ್ಯಾಮೆರಾಗೆ ಅಂತ ತೀರ್ಮಾನಿಸಿ. ಅಜ್ಜಿಯದ್ದು ಯಾವ ಕಡೆ?

ಬೆಳ್ಳಿಬಾಲ:
ಎಡಗಡೆ, ಅಕ್ಕ. ಹುಡುಗನದ್ದು ಎರಡೂ ಕಡೆ, ಅವನ ಬುದ್ಧಿಯ ಹಾಗೆ.

ಬೆಳ್ಳಿಬಾಲ:
ಮುಗಿಯಿತು! ನಿನ್ನೆ ಸಂಜೆ. ಫೋಟೋಗಳ ಮೊದಲ ಕಂತು ಇವತ್ತು ಬಂತು.

ಮೋಡ ಇತ್ತು. ಕ್ಯಾಮೆರಾ ಚೀಲ ಅವರು ಹೇಳಿದ್ದರಿಂದ ರದ್ದು ಮಾಡಲಿಲ್ಲ. ಫೋಟೋಗ್ರಾಫರ್ ಬಂದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಮೊದಲು ಇಬ್ಬರಿಗೂ ಕೈ ಮೂಸಿಸಿ ಅಂದೆ. ಹತ್ತು ನಿಮಿಷ ಹಾಗೇ ಓಡಾಡಿದರು. ಹುಡುಗ ಅವರ ಕ್ಯಾಮೆರಾದ ಪಟ್ಟಿಯನ್ನೂ ರುಚಿ ನೋಡಿದ. ಶಟರ್ ಸದ್ದಿಗೆ ಒಂದು ಸಲ ತಲೆ ಎತ್ತಿದ, ಅಷ್ಟೇ.

ಮೂರು ಫೋಟೋದ ಪಟ್ಟಿಯಲ್ಲಿ ಎರಡು ಸಿಕ್ಕಿತು. ಮೂವರೂ ನಡೆದು ಬರುವುದು ಆಗಲೇ ಇಲ್ಲ. ಹುಡುಗ ಪ್ರತಿ ಸಲ ಮುಂದೆ ಹೋದ. ಚಿಕ್ಕಪ್ಪನ ಮಗ ಪ್ಲಾಸ್ಟಿಕ್ ಕವರಿಗೆ ಮುಂಚೆಯೇ ಕೆನೆಯುವ ಸದ್ದು ಹಾಕಿಬಿಟ್ಟ. ಹುಡುಗನ ಕಿವಿ ಸೂಜಿಯ ಹಾಗೆ ನಿಂತಿತು. ಅಜ್ಜಿ ಮಾತ್ರ ಫೋನಿಗೆ ಉತ್ತರ ಕೊಡಲು ಶುರು ಮಾಡಿದಳು. ಬಾಯಿ ತೆರೆದ ಫೋಟೋನೇ ಹನ್ನೊಂದು ಇವೆ.

ನಾನು ನಡುವೆ ನಿಂತದ್ದು ಬಂದಿದೆ. ಅಜ್ಜಿ ಅರ್ಧ ಹೆಜ್ಜೆ ಮುಂದೆ. ನನ್ನ ಕೈ ಅವಳ ಕುತ್ತಿಗೆಯ ಮೇಲೆ. ಕೊನೆಯ ಹೊತ್ತಿಗೆ ಅವಳಿಗೆ ತೂಕಡಿಕೆ ಬಂದಿತ್ತು. ಒಂದು ಹಿಂಗಾಲು ಮಡಚಿ ಇಟ್ಟಿದ್ದಾಳೆ, ಕೆಳದುಟಿ ಸಡಿಲವಾಗಿ ಜೋತುಬಿದ್ದಿದೆ, ಅದರ ತುದಿಯಲ್ಲಿ ನಾಲ್ಕು ಬಿಳಿ ಮೀಸೆ. ತುಟಿ ಎಡಿಟಿಂಗ್‌ನಲ್ಲಿ ಮೇಲೆತ್ತಬಹುದು ಅಂದರು. ಬೇಡ ಅಂದೆ.

ಲಾಯದಕ್ಕ:
ಫೋಟೋ ನೋಡಿದೆ, ಬಹಳ ಚೆನ್ನಾಗಿದೆ. ಆದರೆ ಎಲ್ಲದರಲ್ಲೂ ಅಜ್ಜಿಯ ಬಲಗಡೆಯೇ ಕಾಣುತ್ತಿದೆಯಲ್ಲ? ಜೂಲು ಎಡಗಡೆ ಅಂದಿದ್ದಿರಿ.

ಬೆಳ್ಳಿಬಾಲ:
ಎಡಪಕ್ಕೆಯ ಮೇಲೆ ತಟ್ಟೆಯಷ್ಟು ದೊಡ್ಡ ಹಳದಿ ಕಲೆ ಇತ್ತು, ಅಕ್ಕ. ಎಷ್ಟು ಒರೆಸಿದರೂ ಹೋಗಲಿಲ್ಲ.

ಲಾಯದಕ್ಕ:
ಶೀಟ್ ಹೊದಿಸಿ ಅಂದಿದ್ದೆನಲ್ಲ!

ಬೆಳ್ಳಿಬಾಲ:
ಹೊದಿಸಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಪಕ್ಕದ ಲಾಯದಲ್ಲಿ ಹುಡುಗನ ಬಾಯಲ್ಲಿತ್ತು.